ನೆಲದೊಳಗಿನ ಬಂಗಾರ, ಕಾಗದದ ಮೇಲಿನ ಬಂಗಾರ

ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಪಾಳಿ ಬಿಡುವ ಹೊತ್ತು ಎಂದು ತಿಳಿಯಿರಿ. ಟಾವೆಲ್ಲು, ಚಾದರ ನೇಯುವ ಮಗ್ಗಗಳ ಸದ್ದು ಇನ್ನೂ ಕಿವಿಯಲ್ಲಿದೆ. ಚಹಾದಂಗಡಿಯ ಮುಂದೆ ಕನ್ನಡ, ಮರಾಠಿ, ತೆಲುಗು ಮೂರೂ ಮಾತು ಬೆರೆತಿವೆ. ಅಲ್ಲಿ ಒಬ್ಬ ಪರಿಚಯದವ ತನ್ನ ಫೋನು ತೆಗೆದು ನಿಮ್ಮ ಮುಂದೆ ಹಿಡಿಯುತ್ತಾನೆ. ಬಂಗಾರ ಹುಡುಕುವ ಒಂದು ಸಣ್ಣ ಕಂಪನಿ ಹೂಡಿಕೆದಾರರಿಗಾಗಿ ಮಾಡಿದ ಪ್ರೆಸೆಂಟೇಶನ್ ಅದು. ಇಪ್ಪತ್ತು ಪುಟಗಳ ಬಣ್ಣದ ಚಿತ್ರಮಾಲೆ. ಮೊದಲ ಪುಟದಲ್ಲಿ ಹೊಳೆಯುವ ಗಟ್ಟಿ, ಎರಡನೆಯದರಲ್ಲಿ ನಕ್ಷೆ, ಮೂರನೆಯದರಲ್ಲಿ ದೊಡ್ಡ ದೊಡ್ಡ ಅಂಕಿ. "ಅಣ್ಣಾ, ಈಗ ಶೇರು ಸಸ್ತಾ ಅದ. ಗಣಿ ಸುರು ಆದ ಮ್ಯಾಲೆ ಸಿಗೂದಿಲ್ಲ" ಎನ್ನುತ್ತಾನೆ ಆತ.

ಆಗ ಏನು ಮಾಡಬೇಕು? ಆತನನ್ನು ಬೈಯಬೇಕಾಗಿಲ್ಲ, ನಂಬಿಬಿಡಬೇಕಾಗಿಯೂ ಇಲ್ಲ. ಇಂಥ ಕಾಗದಗಳು ನಮ್ಮ ಸೀಮೆಗೆ ಹೊಸವಲ್ಲ. ನೂರಾನಲವತ್ತು ವರ್ಷಗಳ ಹಿಂದೆಯೇ ನಮ್ಮ ಪಕ್ಕದ ಮೊಗಲಾಯಿ ಸೀಮೆಯ ನೆಲವನ್ನು ಲಂಡನ್ನಿನಲ್ಲಿ ಹೀಗೆಯೇ ಕಾಗದದ ಮೇಲೆ ಮಾರಿದ್ದರು. ಆ ಇತಿಹಾಸ ತಿಳಿದವನಿಗೆ ಇಂದಿನ ಚಿತ್ರಮಾಲೆಯನ್ನು ಓದುವುದು ಕಷ್ಟವಲ್ಲ. ಇವತ್ತು ಆ ಇತಿಹಾಸವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನಮ್ಮ ಕಾಲ ಕೆಳಗಿನ ನೆಲವನ್ನು ನೋಡೋಣ. ಸೊಲ್ಲಾಪುರ, ಅಕ್ಕಲಕೋಟದ ನೆಲ ಕರಿಕಲ್ಲಿನದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯಿಂದ ಉಕ್ಕಿ ಹರಿದ ಲಾವಾ ಆರಿ ಆದ ಕಲ್ಲು ಇದು. ಎರೆಹೊಲಕ್ಕೆ, ಜೋಳಕ್ಕೆ ಒಳ್ಳೆಯದು. ಆದರೆ ಬಂಗಾರದ ಗಣಿ ಇದರಲ್ಲಿ ಇಲ್ಲ. ಇಲ್ಲಿಂದ ಕಲಬುರ್ಗಿಯ ಕಡೆಗೆ ಹೊರಟರೆ ಶಹಾಬಾದಿ ಕಲ್ಲು ಸಿಗುತ್ತದೆ. ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಪರಸಿ ಅದೇ. ಭೀಮೆ ದಾಟಿ, ಕೃಷ್ಣೆ ದಾಟಿ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿಗೆ ಹೋದರೆ ಇನ್ನೂ ಬಹಳ ಹಳೆಯ ಕಲ್ಲಿನ ಪಟ್ಟೆಗಳು ಬರುತ್ತವೆ. ಭೂವಿಜ್ಞಾನಿಗಳು ಇವನ್ನು ಧಾರವಾಡ ಶಿಲೆಗಳ ಗುಂಪಿಗೆ ಸೇರಿಸುತ್ತಾರೆ. ಹಟ್ಟಿಯ ಬಂಗಾರ, ಕೋಲಾರದ ಬಂಗಾರ, ಗದಗದ ಕಪ್ಪತಗುಡ್ಡದ ಬಂಗಾರ ಎಲ್ಲವೂ ಇಂಥ ಹಳೆಯ ಪಟ್ಟೆಗಳಲ್ಲಿಯೇ ಇವೆ. ಕಪ್ಪತಗುಡ್ಡಕ್ಕೆ ಆಗ ಡಂಬಳ ಗುಡ್ಡವೆಂದೂ ಹೆಸರಿತ್ತು. ಸರಕಾರದ ಭೂಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಎಂಬವರು ಅಲ್ಲಿನ ಬಂಗಾರದ ಕಲ್ಲುಗಳ ಬಗ್ಗೆ 1874ರಲ್ಲಿಯೇ ಬರೆದಿದ್ದರು. ಆದ್ದರಿಂದ ಯಾರಾದರೂ ಅಕ್ಕಲಕೋಟದ ಕರಿಕಲ್ಲಿನಲ್ಲಿ ಬಂಗಾರವಿದೆ ಎಂದರೆ ನಕ್ಕು ಮುಂದೆ ಹೋಗಿ. ಹಟ್ಟಿಯ ಆಸುಪಾಸಿನಲ್ಲಿದೆ ಎಂದರೆ ಅದು ಆಗಬಹುದಾದ ಮಾತು, ನಿಂತು ಕೇಳಿ. ಆದರೆ ಕೇಳಬೇಕಾದ ಪ್ರಶ್ನೆಗಳು ಅಲ್ಲಿಂದಲೇ ಸುರುವಾಗುತ್ತವೆ.

ಮೊದಲ ಪ್ರಶ್ನೆ: ನಾನು ಕೊಡುವ ಹಣ ನೆಲಕ್ಕೆ ಹೋಗುತ್ತದೆಯೋ, ಯಾರದಾದರೂ ಕಿಸೆಗೆ ಹೋಗುತ್ತದೆಯೋ?

1886ರಲ್ಲಿ ಹೈದರಾಬಾದಿನ ನಿಜಾಮ ಸರಕಾರ ತನ್ನ ರಾಜ್ಯದ ಖನಿಜಗಳನ್ನು ಹುಡುಕಿ ತೆಗೆಯುವ ಹಕ್ಕನ್ನು ವಾಟ್ಸನ್ ಮತ್ತು ಸ್ಟುವರ್ಟ್ ಎಂಬ ಇಬ್ಬರಿಗೆ ಕೊಟ್ಟಿತು. ಆಗ ಕಲಬುರ್ಗಿ, ರಾಯಚೂರು ಎಲ್ಲ ನಿಜಾಮನ ಸೀಮೆ. ನಮ್ಮ ಅಕ್ಕಲಕೋಟ ಬೇರೆ ಸಂಸ್ಥಾನ, ಆದರೆ ಮೊಗಲಾಯಿಯ ಗಡಿ ಇಲ್ಲಿಗೆ ಹತ್ತಿದ್ದೇ. ಹಕ್ಕು ಪಡೆದವರು ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿಯನ್ನು ಹುಟ್ಟುಹಾಕಿದರು. ಬಂಡವಾಳ 10 ಲಕ್ಷ ಪೌಂಡು, ತಲಾ 10 ಪೌಂಡಿನ 1 ಲಕ್ಷ ಶೇರು. ಕೇಳಲಿಕ್ಕೆ ಎಷ್ಟು ದೊಡ್ಡ ಕಂಪನಿ! ಆದರೆ ಆ ಲಕ್ಷದಲ್ಲಿ 85,000 ಶೇರುಗಳನ್ನು ಹಕ್ಕು ಪಡೆದವರೇ ಇಟ್ಟುಕೊಂಡರು. ಅದಕ್ಕಾಗಿ ಅವರು ರೊಕ್ಕ ಹಾಕಲಿಲ್ಲ. ಹಕ್ಕುಪತ್ರವನ್ನು ಕಂಪನಿಗೆ ಬರೆದುಕೊಟ್ಟದ್ದೇ ಅವರ ಬೆಲೆ. ಜನರ ಪಾಲಿಗೆ ಬಿಟ್ಟದ್ದು 15,000 ಶೇರು ಮಾತ್ರ. ಅಂದರೆ ನೂರರಲ್ಲಿ 85 ಭಾಗ ಬರಿಯ ಕಾಗದ. ನೆಲ ಅಗೆಯಲು ರೊಕ್ಕ ಬರಬೇಕಾದದ್ದು ಉಳಿದ 15ರಿಂದ.

ಕಥೆ ಇಲ್ಲಿಗೆ ನಿಲ್ಲಲಿಲ್ಲ. ನಿಜಾಮ ಸರಕಾರದ ದೊಡ್ಡ ಅಧಿಕಾರಿಯಾಗಿದ್ದ ಅಬ್ದುಲ್ ಹಕ್, ಅಂದರೆ ಸರ್ದಾರ್ ದಿಲೇರ್ ಜಂಗ್, ಈ ವ್ಯವಹಾರದಲ್ಲಿ ಒಳಗೊಳಗೇ ಪಾಲುದಾರನಾಗಿದ್ದ. ಲಂಡನ್ನಿನ ಪೇಟೆಯಲ್ಲಿ ಶೇರಿನ ಬೆಲೆಯನ್ನು ಎತ್ತಿ ತೋರಿಸಿ, ನಿಜಾಮನ ಸರಕಾರದಿಂದಲೇ 10 ಪೌಂಡಿನ ಶೇರುಗಳನ್ನು 12 ಪೌಂಡಿನಂತೆ ಕೊಳ್ಳುವಂತೆ ಮಾಡಲಾಯಿತು. ಮಾರಿದ ಶೇರು ಎಲ್ಲಿಯವು? ಅವೇ, ಪುಕ್ಕಟೆ ಸಿಕ್ಕ 85,000ದೊಳಗಿನವು. ವಿಷಯ ಹೊರಬಿದ್ದು 1888ರಲ್ಲಿ ಅಬ್ದುಲ್ ಹಕ್ ಪದವಿ ಕಳೆದುಕೊಂಡ. ಬ್ರಿಟಿಷ್ ಪಾರ್ಲಿಮೆಂಟು ಒಂದು ಸಮಿತಿ ನೇಮಿಸಿ ವಿಚಾರಣೆ ನಡೆಸಿತು. ಆದರೆ ಆ ಖಜಾನೆಯ ರೊಕ್ಕ ಯಾರದು? ಕಲಬುರ್ಗಿ, ರಾಯಚೂರಿನ ರೈತ ಕಟ್ಟಿದ ಕಂದಾಯ ಆ ಖಜಾನೆಗೇ ಹೋಗುತ್ತಿತ್ತು. ನಿಮ್ಮಲ್ಲಿ ಎಷ್ಟೋ ಜನರ ಸೋದರಮಾವಂದಿರ ಊರು ಆ ಸೀಮೆಯೇ ಅಲ್ಲವೆ?

ಇಲ್ಲಿ ಒಂದು ಮಾತು ಮರೆಯಬಾರದು. ಆ ನೆಲ ಸುಳ್ಳಾಗಿರಲಿಲ್ಲ. ಅದೇ ಕಂಪನಿ ಸಿಂಗರೇಣಿಯ ಕಲ್ಲಿದ್ದಲನ್ನು ತೆಗೆಯಿತು. ಆ ಗಣಿಗಳು ಇಂದಿಗೂ ನಡೆದಿವೆ. ಹಟ್ಟಿಯ ಬಂಗಾರವೂ ನಿಜ. ನೆಲದಲ್ಲಿ ಸಂಪತ್ತು ಇದ್ದೂ ಶೇರು ಕೊಂಡವನು ಮೋಸ ಹೋಗಬಹುದು, ಇದು 1886ರ ಪಾಠ. ಆದ್ದರಿಂದ ಚಿತ್ರಮಾಲೆಯಲ್ಲಿ ಗಟ್ಟಿಯ ಚಿತ್ರ ಬಿಟ್ಟು ಶೇರುಗಳ ಲೆಕ್ಕ ಇರುವ ಪುಟವನ್ನು ಮೊದಲು ಹುಡುಕಿ. ಒಟ್ಟು ಶೇರು ಎಷ್ಟು? ಕಂಪನಿ ಕಟ್ಟಿದವರಿಗೆ ಯಾವ ಬೆಲೆಗೆ ಸಿಕ್ಕವು? ಕೈಯಲ್ಲಿ ರೊಕ್ಕ ಎಷ್ಟಿದೆ? ಹುಡುಕುವ ಕಂಪನಿಗೆ ಗಣಿಯಿಲ್ಲ, ಆದಾಯವಿಲ್ಲ. ರೊಕ್ಕ ತೀರಿದಾಗಲೆಲ್ಲ ಹೊಸ ಶೇರು ಮಾರಬೇಕು. ಹೊಲ ಬೆಳೆಯುವುದಿಲ್ಲ, ಪಾಲುದಾರರು ಬೆಳೆಯುತ್ತಾರೆ. ಎಂಟು ಎಕರೆಯ ಹೊಲ ನಾಲ್ಕು ಅಣ್ಣತಮ್ಮಂದಿರಲ್ಲಿ ಹಂಚಿ, ಮತ್ತೆ ಅವರ ಮಕ್ಕಳಲ್ಲಿ ಹಂಚಿದಾಗ ಒಬ್ಬೊಬ್ಬನ ಪಾಲಿಗೆ ಏನು ಉಳಿಯಿತು ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯ ಪ್ರಶ್ನೆ: ಕಲ್ಲನ್ನು ಯಾರು ಆರಿಸಿದರು, ಯಾರು ಅಳೆದರು?

ಚಾದರದ ವ್ಯಾಪಾರದಲ್ಲಿ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ವ್ಯಾಪಾರಿ ಮೇಲಿನ ಒಂದು ಒಳ್ಳೆಯ ಚಾದರ ತೆಗೆದು ತೋರಿಸುತ್ತಾನೆ. ಅನುಭವಸ್ಥ ಗಿರಾಕಿ ಅದನ್ನು ಬದಿಗಿಟ್ಟು ಗಂಟಿನ ನಡುವಿನಿಂದ ಒಂದನ್ನು ಎಳೆಯುತ್ತಾನೆ. ಬಂಗಾರದ ಕಲ್ಲಿಗೂ ಇದೇ ನ್ಯಾಯ.

ಕರ್ನಾಟಕದ ದಕ್ಷಿಣ ಗಡಿಗೆ ಹತ್ತಿರದ ವೈನಾಡು ಸೀಮೆಯಲ್ಲಿ, ಈಗಿನ ನೀಲಗಿರಿ ಜಿಲ್ಲೆಯ ದೇವಾಲ, ಪಂದಲೂರಿನ ಕಡೆ, 1879ರಿಂದ 1881ರವರೆಗೆ ಬಂಗಾರದ ಹುಚ್ಚು ಎದ್ದಿತ್ತು. ಆಸ್ಟ್ರೇಲಿಯದಿಂದ ಬಂದ ಬ್ರೌ ಸ್ಮಿತ್ ಎಂಬ ಗಣಿತಜ್ಞರು ಸರಕಾರಕ್ಕೆ ಕೊಟ್ಟ ವರದಿ ಆ ಹುಚ್ಚಿಗೆ ಬಲ ಕೊಟ್ಟಿತು. ಇಂಗ್ಲೆಂಡಿನಲ್ಲಿ ಸುಮಾರು ನಲವತ್ತು ಕಂಪನಿಗಳು ಹುಟ್ಟಿದವು. ಅವುಗಳ ಹೆಸರಿನ ಬಂಡವಾಳ 50 ಲಕ್ಷ ಪೌಂಡಿನಷ್ಟು. ಫಲ ಕೊಡದ ಕಾಫಿ ತೋಟಗಳು ರಾತ್ರೋರಾತ್ರಿ ಬಂಗಾರದ ಭೂಮಿಗಳಾಗಿ ಭಾರೀ ಬೆಲೆಗೆ ಕಂಪನಿಗಳಿಗೆ ಮಾರಾಟವಾದವು. ಜನ ಕೊಟ್ಟ ರೊಕ್ಕದ ದೊಡ್ಡ ಭಾಗ ಹೀಗೆ ತೋಟ ಮಾರಿದವರ ಕೈಸೇರಿತು. ಯಂತ್ರ ಬಂತು, ಬಂಗಲೆ ಎದ್ದವು. ಕಡೆಗೆ ಕಲ್ಲನ್ನು ಅರೆದು ನೋಡಿದಾಗ, ಆರಿಸಿ ತಂದ ತುಣುಕುಗಳಲ್ಲಿ ಕಂಡ ಬಂಗಾರ ರಾಶಿಯ ಕಲ್ಲಿನಲ್ಲಿ ಇರಲಿಲ್ಲ. ಬಂಗಾರ ಇತ್ತು; ಆದರೆ ಖರ್ಚಿಗೆ ಸಾಲುವಷ್ಟು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಗಳು ಒಂದೊಂದಾಗಿ ಮುಳುಗಿದವು.

"ಅದು ಹಳೆಯ ಕಾಲ, ಈಗ ವಿಜ್ಞಾನ ಬೆಳೆದಿದೆ" ಎನ್ನಬಹುದು. ಆದರೆ 1997ರಲ್ಲಿ ನಡೆದದ್ದು ಕೇಳಿ. ಕೆನಡಾದ ಬ್ರೆ-ಎಕ್ಸ್ ಎಂಬ ಸಣ್ಣ ಕಂಪನಿ ಇಂಡೋನೇಶಿಯದ ಬುಸಾಂಗ್ ಎಂಬಲ್ಲಿ ಜಗತ್ತಿನ ಅತಿ ದೊಡ್ಡ ಬಂಗಾರದ ನಿಧಿ ಸಿಕ್ಕಿದೆ ಎಂದು ಸಾರಿತ್ತು. ಶೇರುಪೇಟೆಯಲ್ಲಿ ಅದರ ಬೆಲೆ 600 ಕೋಟಿ ಕೆನಡಾ ಡಾಲರಿನವರೆಗೆ ಏರಿತು. ಆ ವರ್ಷದ ಮೇ ತಿಂಗಳಲ್ಲಿ ಹೊರಗಿನ ತಜ್ಞರು ತಾವೇ ಕಲ್ಲು ಕೊರೆದು ಪರೀಕ್ಷಿಸಿದಾಗ ಅಲ್ಲಿ ಲೆಕ್ಕಕ್ಕೆ ಬರುವ ಬಂಗಾರವೇ ಇರಲಿಲ್ಲ. ಪರೀಕ್ಷೆಗೆ ಕಳಿಸುವ ಕಲ್ಲಿನ ಪುಡಿಗೆ ಬೇರೆ ಕಡೆಯ ಬಂಗಾರ ಬೆರೆಸಲಾಗಿತ್ತು. ನೆಲ ಕೊರೆದಾಗ ಉದ್ದನೆಯ ಕಲ್ಲಿನ ಕಡ್ಡಿ ಹೊರಬರುತ್ತದೆ. ಅದನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಪರೀಕ್ಷೆಗೆ ಕಳಿಸಿ ಅರ್ಧವನ್ನು ಜೋಪಾನವಾಗಿ ಇಡುವುದು ಸರಿಯಾದ ಪದ್ಧತಿ. ಬುಸಾಂಗಿನಲ್ಲಿ ಕಡ್ಡಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಪುಡಿಮಾಡಿದ್ದರು. ಮರಳಿ ನೋಡಲು ಏನೂ ಉಳಿದಿರಲಿಲ್ಲ. ಆ ಪೆಟ್ಟಿನ ನಂತರ 2001ರಲ್ಲಿ ಕೆನಡಾ ಕಟ್ಟುನಿಟ್ಟಿನ ನಿಯಮ ತಂದಿತು: ಗಣಿಯ ಅಂಕಿಗಳಿಗೆ ಅರ್ಹ ತಜ್ಞನೊಬ್ಬ ತನ್ನ ಹೆಸರು ಬರೆದು ಹೊಣೆ ಹೊರಬೇಕು. ಆಸ್ಟ್ರೇಲಿಯದಲ್ಲಿ ಜೋರ್ಕ್ ಎಂಬ ಇಂಥದೇ ಸಂಹಿತೆ 1989ರಲ್ಲಿಯೇ ಬಂದಿತ್ತು. ಹಾಗಾದರೆ ನೀವು ನೋಡಬೇಕಾದದ್ದು ಇಷ್ಟು: ಅಂಕಿಯ ಕೆಳಗೆ ಯಾರ ಹೆಸರಿದೆ? ಆತ ಕಂಪನಿಯ ಸಂಬಳದವನೋ, ಹೊರಗಿನವನೋ? ಯಾವ ಪ್ರಯೋಗಶಾಲೆ ಅಳೆಯಿತು? ಉಳಿದರ್ಧ ಕಲ್ಲು ಎಲ್ಲಿದೆ?

ಮೂರನೆಯ ಪ್ರಶ್ನೆ ಅಂಕಿಗಳದು. ಚಿತ್ರಮಾಲೆಯಲ್ಲಿ "ಟನ್ನಿಗೆ ಇಷ್ಟು ಗ್ರಾಂ" ಎಂದು ಬರೆದಿರುತ್ತದೆ. ನಮ್ಮ ಒಂದು ತೊಲೆಗೆ ಹನ್ನೊಂದು ಗ್ರಾಂ ಮೇಲೆ 66 ಸೆಂಟಿಗ್ರಾಂ. ಟನ್ನಿಗೆ 2 ಗ್ರಾಂ ಎಂದರೆ ಒಂದು ಟನ್ನು ಕಲ್ಲು ಒಡೆದು, ಅರೆದು, ಔಷಧದಲ್ಲಿ ತೊಳೆದರೆ ತೊಲೆಯ ಆರನೆಯ ಒಂದು ಪಾಲು. ಒಂದು ತೊಲೆಗೆ ಸುಮಾರು ಆರು ಟನ್ನು ಕಲ್ಲು ಬೇಕು. ಇದು ಕಡಿಮೆ ಎಂದು ತಿಳಿಯಬೇಡಿ. ಮೇಲ್ಭಾಗದಲ್ಲಿಯೇ ಸಿಕ್ಕರೆ ಇಷ್ಟರಲ್ಲಿ ಲಾಭ ಮಾಡುವ ಗಣಿಗಳಿವೆ. ಆಳಕ್ಕೆ ಹೋದಂತೆ ಇದು ಸಾಲುವುದಿಲ್ಲ.

ಇನ್ನೊಂದು ಕೈಚಳಕ ಗಮನಿಸಿ. "20 ಮೀಟರ್ ಉದ್ದಕ್ಕೆ ಟನ್ನಿಗೆ 5 ಗ್ರಾಂ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಆ 20 ಮೀಟರಿನಲ್ಲಿ ಒಂದೇ ಒಂದು ಮೀಟರಿನಲ್ಲಿ 90 ಗ್ರಾಂ ಸಿಕ್ಕು, ಉಳಿದ 19ರಲ್ಲಿ ಅರ್ಧರ್ಧ ಗ್ರಾಂ ಇದ್ದರೂ ಸರಾಸರಿ ಸುಮಾರು 5 ಗ್ರಾಮೇ ಆಗುತ್ತದೆ. ಮನೆಯಲ್ಲಿ ಒಬ್ಬನಿಗೆ 90 ಸಾವಿರ ಪಗಾರ, ಉಳಿದ ಹತ್ತೊಂಬತ್ತು ಮಂದಿಗೆ ಐದೈದುನೂರು. ಸರಾಸರಿ ಲೆಕ್ಕ ಹಾಕಿ "ಎಲ್ಲರೂ ಐದು ಸಾವಿರ ಗಳಿಸುತ್ತಾರೆ" ಎಂದಂತೆ. ಮೀಟರು ಮೀಟರಿನ ಲೆಕ್ಕ ಕೊಡಿ ಎಂದು ಕೇಳಬೇಕು.

ಮುಂದೆ "ರಿಸೋರ್ಸ್", "ರಿಸರ್ವ್" ಎಂಬ ಎರಡು ಮಾತು ಬರುತ್ತವೆ. ಕೇಳಲು ಒಂದೇ ತರ, ಆದರೆ ನಡುವೆ ಬಹಳ ದೂರ. ರಿಸೋರ್ಸ್ ಎಂದರೆ ಹೊಲದಲ್ಲಿ ನಿಂತ ಜೋಳವನ್ನು ನೋಡಿ ಇಷ್ಟು ಚೀಲ ಆದೀತು ಎನ್ನುವ ಅಂದಾಜು. ಅದರಲ್ಲಿಯೂ ಮೂರು ದರ್ಜೆ: ಬದುವಿನ ಮೇಲೆ ನಿಂತು ಊಹಿಸಿದ್ದು, ಅಲ್ಲಲ್ಲಿ ಇಳಿದು ನೋಡಿದ್ದು, ಸಾಲು ಸಾಲು ಅಳೆದದ್ದು. ರಿಸರ್ವ್ ಎಂದರೆ ಕೊಯ್ಲಿನ ಕೂಲಿ, ರಾಶಿಯ ಖರ್ಚು, ಬಾಡಿಗೆ ಎಲ್ಲ ಲೆಕ್ಕ ಹಾಕಿ, ಕಳೆದು, ಲಾಭಕ್ಕೆ ತೆಗೆಯಬಹುದು ಎಂದು ಖಚಿತಪಡಿಸಿದ ಭಾಗ. ಬರಿಯ ಊಹೆಯ ದರ್ಜೆಯ ಅಂಕಿಯನ್ನು ಇಂದಿನ ಬಂಗಾರದ ದರದಿಂದ ಗುಣಿಸಿ "ನಮ್ಮ ನೆಲದ ಬೆಲೆ ಸಾವಿರಾರು ಕೋಟಿ" ಎಂದು ಬರೆದಿದ್ದರೆ, ನಿಂತ ಬೆಳೆ ತೋರಿಸಿ ಹಗೇವು ತುಂಬಿದೆ ಎಂದಂತಾಯಿತು. ನಡುವೆ ಅಕಾಲದ ಮಳೆಯಿದೆ, ಹಕ್ಕಿಯಿದೆ, ಕೂಲಿಯವರ ಅಭಾವವಿದೆ.

ಕೋಲಾರವೇ ಇದಕ್ಕೆ ಸಾಕ್ಷಿ. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ 800 ಟನ್ನಿನಷ್ಟು ಬಂಗಾರ ಬಂತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ರಂದು ಅದನ್ನು ಮುಚ್ಚಿದಾಗ ಬಂಗಾರ ಪೂರ್ತಿ ಮುಗಿದಿರಲಿಲ್ಲ. ತೆಗೆಯುವ ಖರ್ಚು ಬಂಗಾರದ ಬೆಲೆಯನ್ನು ಮೀರಿತ್ತು, ಅಷ್ಟೆ.

ನಾಲ್ಕನೆಯ ಪ್ರಶ್ನೆ: ಹಕ್ಕು ಗಟ್ಟಿಯಾಗಿದೆಯೆ?

ಹುಡುಕುವ ಪರವಾನಿಗೆ ಬೇರೆ, ಗಣಿ ಅಗೆಯುವ ಗುತ್ತಿಗೆ ಬೇರೆ. ಮುಂಬಯಿ ಶೇರುಪೇಟೆಯಲ್ಲಿ ಹೆಸರಿರುವ ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿ ತನ್ನ ಅಂಗಸಂಸ್ಥೆಯ ಮೂಲಕ ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ವರ್ಷಗಟ್ಟಲೆ ಶೋಧ ನಡೆಸಿ ಗಣಿ ಗುತ್ತಿಗೆಗೆ ಅರ್ಜಿ ಹಾಕಿತ್ತು. 2015ರಲ್ಲಿ ಕೇಂದ್ರ ಸರಕಾರ ಗಣಿ ಕಾಯದೆ ತಿದ್ದಿ ಹರಾಜಿನ ಪದ್ಧತಿ ತಂದಿತು. ಮೊದಲೇ ಶೋಧ ನಡೆಸಿದವರ ಹಕ್ಕನ್ನು ಒಂದು ಕಲಮು ಕಾಪಾಡಿತ್ತು. 2021ರ ತಿದ್ದುಪಡಿ ಆ ಕಲಮಿನ ರಕ್ಷಣೆಯನ್ನೂ ತೆಗೆದು, ಮಾಡಿದ ಖರ್ಚನ್ನು ಹಿಂದಿರುಗಿಸುವ ಏರ್ಪಾಡು ಮಾಡಿತು. ಇದರಲ್ಲಿ ಕಂಪನಿ ಮೋಸ ಮಾಡಿತೆಂದು ನಾನು ಹೇಳುತ್ತಿಲ್ಲ. ಬಂಗಾರವಿದ್ದು, ಪ್ರಾಮಾಣಿಕವಾಗಿ ದುಡಿದರೂ ದಿಲ್ಲಿಯ ಒಂದು ಕಾಯದೆಯಿಂದ ಲೆಕ್ಕ ತಲೆಕೆಳಗಾಗಬಹುದು. ನಕ್ಷೆಯ ಮೇಲೆ ಬಣ್ಣ ಬಳಿದ ಜಾಗವೆಲ್ಲ ಕಂಪನಿಯದಲ್ಲ. ಯಾವ ತಾರೀಖಿನ, ಯಾವ ದರ್ಜೆಯ ಹಕ್ಕು, ಎಂದಿಗೆ ಮುಗಿಯುತ್ತದೆ, ಕೋರ್ಟಿನಲ್ಲಿ ಏನಾದರೂ ಇದೆಯೆ ಎಂದು ಕೇಳಿ. ಹೊಲ ಕೊಳ್ಳುವಾಗ ಸಾತಬಾರ ನೋಡುವುದಿಲ್ಲವೆ? ಇದೂ ಹಾಗೆಯೇ.

ಐದನೆಯದು ಕಾಲದ ಪ್ರಶ್ನೆ. ಇಲ್ಲಿ ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಕೋಲಾರದ ಹಳ್ಳಿಗರು ಮಣ್ಣು ತೊಳೆದು ಬಂಗಾರ ತೆಗೆಯುವುದನ್ನು ಜಾನ್ ವಾರನ್ ಎಂಬ ಅಧಿಕಾರಿ 1802ರಲ್ಲಿ ಕಂಡಿದ್ದ. ಅವನ ಬರಹ ಓದಿದ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋದ. 1875ರಲ್ಲಿ ಅವನಿಗೆ ಪರವಾನಿಗೆ ಸಿಕ್ಕಿತು. ಕೈಯಲ್ಲಿ ಬಂಡವಾಳವಿಲ್ಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಕೆಲವು ವರ್ಷ ಅಗೆದರೂ ಫಲವಿಲ್ಲ, ರೊಕ್ಕ ಮುಗಿಯುತ್ತ ಬಂತು, ಶೇರು ಕೇಳುವವರಿಲ್ಲ. ಮುಚ್ಚಿಬಿಡೋಣ ಎನ್ನುವ ಹೊತ್ತಿಗೆ ಜಾನ್ ಟೇಲರ್ ಸಂಸ್ಥೆಯವರು ಉಳಿದ ಸ್ವಲ್ಪ ರೊಕ್ಕದಿಂದ ಇನ್ನೊಂದು ಸಲ ನೋಡೋಣ ಎಂದರು. ಪ್ಲಮ್ಮರ್ ಎಂಬ ಗಣಿ ಕ್ಯಾಪ್ಟನ್ ಬಂದು, ನಮ್ಮ ಪೂರ್ವಿಕರು ತೋಡಿ ಬಿಟ್ಟ ಹಳೆಯ ಕುಣಿಗಳ ಜಾಡು ಹಿಡಿದು ಆಳಕ್ಕೆ ಇಳಿದಾಗ ಪ್ರಸಿದ್ಧ ಚಾಂಪಿಯನ್ ಪದರು ಸಿಕ್ಕಿತು. ಆಗ ಕಾದವರು ಸಿರಿವಂತರಾದರು. ಹೆದರಿ ಮಾರಿದವರು ಕಳೆದುಕೊಂಡರು.

ಹೀಗಾಗಿ ಬಂಗಾರ ಹುಡುಕುವ ಕಂಪನಿಯೆಲ್ಲ ಕಳ್ಳ ಕಂಪನಿ ಎನ್ನುವುದು ತಪ್ಪು. ಯಾರೋ ಸಾಹಸ ಮಾಡದಿದ್ದರೆ ಕೋಲಾರವೂ ಇರುತ್ತಿರಲಿಲ್ಲ. ಆದರೆ ಆ ಸಾಹಸ ಯಾರ ರೊಕ್ಕದಿಂದ ನಡೆಯಬೇಕು ಎಂಬುದು ಪ್ರಶ್ನೆ. ಹಟ್ಟಿಯಲ್ಲಿ 1902ರಿಂದ 1920ರವರೆಗೆ ಗಣಿ ನಡೆದು ನಿಂತಿತು. ಮತ್ತೆ ಸುರುವಾದದ್ದು 1947ರಲ್ಲಿ, ಸರಕಾರದ ಬೆಂಬಲದಿಂದ. ನಡುವೆ 27 ವರ್ಷ. ಕರ್ನೂಲು ಜಿಲ್ಲೆಯ ಜೊನ್ನಗಿರಿಯಲ್ಲಿ 2013ರಲ್ಲಿ ಗಣಿ ಗುತ್ತಿಗೆ ಸಿಕ್ಕರೂ ದೊಡ್ಡ ಪ್ರಮಾಣದ ಕೆಲಸಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಮಗಳ ಮದುವೆ, ಮಗನ ಕಾಲೇಜು, ತಾಯಿಯ ಆಪರೇಶನ್ ಹತ್ತು ವರ್ಷ ಕಾಯುತ್ತವೆಯೆ? ಕಾಯದ ರೊಕ್ಕವನ್ನು ಇಂಥಲ್ಲಿ ಹಾಕಬಾರದು.

ನಮ್ಮ ಎಂಐಡಿಸಿಯ ಕೆಲಸಗಾರನ ಉಳಿತಾಯ ಹೇಗೆ ಕೂಡುತ್ತದೆ ಎಂಬುದು ನಿಮಗೆ ಗೊತ್ತು. ಭಿಶಿಯಲ್ಲಿ ತಿಂಗಳಿಗಿಷ್ಟು, ದೀಪಾವಳಿಯ ಬೋನಸ್ಸು, ಪಿಎಫ್‌ನಿಂದ ಒಂದಿಷ್ಟು, ಕಷ್ಟಕ್ಕೆ ಬಿದ್ದರೆ ಹೆಂಡತಿಯ ಪಾಟಲಿ. 1990ರ ದಶಕದಲ್ಲಿ ಸಾಗವಾನಿ ಗಿಡ ನೆಡುತ್ತೇವೆ, ಇಪ್ಪತ್ತು ವರ್ಷಕ್ಕೆ ಲಕ್ಷಾಧೀಶರಾಗುತ್ತೀರಿ ಎಂದು ಎಷ್ಟೋ ಕಂಪನಿಗಳು ಊರೂರು ತಿರುಗಿ ಇಂಥದೇ ರೊಕ್ಕ ಎತ್ತಿದವು. ಸೆಬಿ ಅದಕ್ಕೆ ನಿಯಮ ತಂದದ್ದು 1999ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳ ರೊಕ್ಕ ಹೋಗಿತ್ತು. ಕಾಯದೆ ಬರುವುದು ಯಾವಾಗಲೂ ಮೋಸದ ಹಿಂದಿನಿಂದ. ಮುಂದೆ ಹೋಗಬೇಕಾದದ್ದು ನಮ್ಮ ಪ್ರಶ್ನೆ.

ಆ ಪರಿಚಯದವ ಮತ್ತೊಮ್ಮೆ ಫೋನು ಹಿಡಿದು ಬಂದರೆ ಚಹಾ ಕುಡಿಸಿ, ಕೂಡಿಸಿ ಕೇಳಿ. ಪುಕ್ಕಟೆ ಶೇರು ಯಾರ ಹತ್ತಿರ ಎಷ್ಟಿವೆ? ಅಳೆದವರು ಯಾರು, ಉಳಿದರ್ಧ ಕಲ್ಲು ಎಲ್ಲಿದೆ? ಇದು ನಿಂತ ಬೆಳೆಯೋ, ಹಗೇವಿನ ಜೋಳವೋ? ಹಕ್ಕಿನ ಕಾಗದ ಯಾವುದು? ಎಷ್ಟು ವರ್ಷ ಕಾಯಬೇಕು? ಐದಕ್ಕೂ ಸಮಾಧಾನದ ಉತ್ತರ ಬಂದರೆ, ಹೋದರೂ ಮನೆಯ ಒಲೆ ಆರದಷ್ಟು ರೊಕ್ಕ ಮಾತ್ರ ಹಾಕುವ ವಿಚಾರ ಮಾಡಿ. ಆತನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅವನಿಗೂ ಈ ಪ್ರಶ್ನೆಗಳನ್ನು ಬರೆದುಕೊಡಿ. ಪಾಪ, ಅವನ ರೊಕ್ಕವೂ ಅದರಲ್ಲಿ ಇರಬಹುದು.

ಪಾಟಲಿಯ ಮಾತು ಬಂದರೆ ಮಾತ್ರ ಆ ದಿನ ಏಳಬೇಡಿ, ಮನೆಗೆ ಹೋಗಿ ಹೆಂಡತಿಯನ್ನು ಕೇಳಿ. ಹಟ್ಟಿಯದೋ ಕೋಲಾರದೋ ಆಗಿರಬಹುದಾದ ಆ ಬಂಗಾರವನ್ನು ಯಾರೋ ಆಗಲೇ ನೆಲದಿಂದ ತೆಗೆದಿದ್ದಾರೆ, ಅರೆದಿದ್ದಾರೆ, ತೂಗಿದ್ದಾರೆ. ಅದನ್ನು ಕೊಟ್ಟು ಇನ್ನೂ ನೆಲದೊಳಗೇ ಇರುವುದನ್ನು ಕೊಳ್ಳಬೇಕೆ ಎಂದು ಆಕೆಯೇ ಹೇಳಲಿ.